ಮುಕ್ತಾಯದ ಅನಂತರವೂ ಕ್ಯಾಮೆರಾ ನಿಲ್ಲಿಸದೆ

ಉಡುಪಿಯ ಸುತ್ತಮುತ್ತ ಮದುವೆ, ಉಪನಯನ, ಗೃಹಪ್ರವೇಶಗಳನ್ನು ಚಿತ್ರೀಕರಿಸಿ ಸಂಕಲಿಸುವುದು ನನ್ನ ವೃತ್ತಿ. ಯಾವ ಕ್ಷಣವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯನ್ನು ನಾನು ಹೆಚ್ಚಾಗಿ ಕಲಿತದ್ದು ಮಾತ್ರ ಯಕ್ಷಗಾನದ ರಂಗಸ್ಥಳದ ಎದುರು ಕುಳಿತು.

ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಪುಂಡುವೇಷಧಾರಿ, ಅಂದರೆ ತರುಣ ವೀರನ ಪಾತ್ರಧಾರಿ, ಗಾಳಿಯಲ್ಲಿ ಜಿಗಿದು ಸುತ್ತುವ ದಿಗಿಣ ಹಾಕುವಾಗ ಸಭೆಯಲ್ಲಿರುವ ಮೊಬೈಲುಗಳೆಲ್ಲ ಮೇಲೇಳುತ್ತವೆ; ಚೆಂಡೆಯ ಮುಕ್ತಾಯವಾಗಿ ಚಪ್ಪಾಳೆ ಬಿದ್ದೊಡನೆ ಅಷ್ಟೂ ಕೆಳಗಿಳಿಯುತ್ತವೆ. ನಾನು ಕಾಯುವುದು ಅಲ್ಲಿಂದ ಮುಂದಿನ ಕೆಲವು ಕ್ಷಣಗಳಿಗಾಗಿ. ಸುತ್ತು ನಿಂತರೂ ಗೆಜ್ಜೆ ಇನ್ನೂ ಪೂರ್ತಿ ನಿಂತಿರುವುದಿಲ್ಲ, ಎದೆ ಏರಿಳಿಯುತ್ತಿರುತ್ತದೆ, ಕಲಾವಿದ ಪಗಡಿಯನ್ನೊಮ್ಮೆ ಮುಟ್ಟಿ ನೋಡಿಕೊಂಡು ಪದ ಹಾಡುವ ಭಾಗವತರ ಕಡೆ ಕಣ್ಣು ಹಾಯಿಸುತ್ತಾನೆ, ಮತ್ತು ಮುಂದಿನ ಪದ ಎತ್ತುವಷ್ಟರಲ್ಲಿ ಪುನಃ ಅಭಿಮನ್ಯುವೋ ಬಭ್ರುವಾಹನನೋ ಆಗಿಬಿಡುತ್ತಾನೆ. ಮನುಷ್ಯನೂ ಪಾತ್ರವೂ ಒಂದೇ ಮುಖದಲ್ಲಿ ಕಾಣಿಸುವ ಈ ಸಂಧಿಕಾಲಕ್ಕಿಂತ ಸುಂದರವಾದದ್ದನ್ನು ಇಡೀ ರಾತ್ರಿಯ ಆಟದಲ್ಲಿ ನಾನು ಬೇರೆ ಕಂಡಿಲ್ಲ.

ಇದನ್ನು ಹಿಡಿಯಲು ದುಬಾರಿ ಸಲಕರಣೆ ಬೇಕಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಸ್ಥಿರವಾಗಿ ನಿಲ್ಲಿಸಿ ಸೆಕೆಂಡಿಗೆ 25 ಫ್ರೇಮುಗಳಂತೆ ತೆಗೆಯುತ್ತೇನೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದುದರಿಂದ ಟ್ಯೂಬ್‌ಲೈಟು ಹಾಗೂ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಚಿತ್ರದಲ್ಲಿ ಕಪ್ಪು ಪಟ್ಟೆಗಳು ಓಡುವುದಿಲ್ಲ. ನಾನು 1/50ನ್ನೇ ಇಷ್ಟಪಡುತ್ತೇನೆ, ಏಕೆಂದರೆ ಸುತ್ತುವ ವೇಷದ ಅಂಚು ತುಸು ಮಸುಕಾದಾಗಲೇ ಕುಣಿತದ ವೇಗ ಕಣ್ಣಿಗೆ ದಕ್ಕುತ್ತದೆ. ಕುಣಿತವನ್ನು ನಿಧಾನಗತಿಯಲ್ಲಿ ತೋರಿಸುವುದಕ್ಕೆ ನನ್ನ ಸಂಪೂರ್ಣ ವಿರೋಧವಿದೆ, ಅದರಿಂದ ಲಯವೇ ಸತ್ತುಹೋಗುತ್ತದೆ. ಸಂಕಲಿಸುವಾಗಲೂ ತಾಳ ಎಣಿಸುತ್ತೇನೆ: ತ್ರಿವುಡೆ ತಾಳವಾದರೆ 7 ಅಕ್ಷರ, ಝಂಪೆಯಾದರೆ 10, ಹೀಗೆ ತಾಳದ ಒಂದು ಸುತ್ತು, ಅಂದರೆ ಆವರ್ತ, ತುಂಬುವ ಮೊದಲು ದೃಶ್ಯವನ್ನು ಕತ್ತರಿಸುವುದಿಲ್ಲ.

ಸಿನಿಮಾ ನೋಡುವಾಗಲೂ ಇದೇ ಅಭ್ಯಾಸ ನನಗೆ ನೆರವಾಗಿದೆ. ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ಬಂಟ್ವಾಳದ ಮಂಚಿಯವರಾದ ಬಿ.ವಿ. ಕಾರಂತರು ನಿರ್ದೇಶಿಸಿದ, 1975ರ ‘ಚೋಮನ ದುಡಿ’ಯಲ್ಲಿ ಚೋಮನಾಗಿ ಎಂ.ವಿ. ವಾಸುದೇವರಾಯರು ದುಡಿಯೆಂಬ ಚರ್ಮವಾದ್ಯ ಬಾರಿಸುವ ದೃಶ್ಯಗಳನ್ನು ಮೊದಲು ಕಿವಿಯಿಂದ ನೋಡಿದೆ, ಆಮೇಲೆ ಧ್ವನಿಯನ್ನು ಪೂರ್ತಿ ತಗ್ಗಿಸಿ ಮುಖವನ್ನಷ್ಟೇ ನೋಡಿದೆ. ಬಾಯಿಬಿಟ್ಟು ಹೇಳಲಾಗದ ಸಂಕಟವನ್ನೆಲ್ಲ ಚೋಮ ದುಡಿಗೆ ಒಪ್ಪಿಸುತ್ತಾನೆಂಬುದು ಎಲ್ಲರಿಗೂ ತಿಳಿದಿರುವುದೇ. ಸದ್ದಿಲ್ಲದೆ ನೋಡಿದಾಗ ಆ ಸಂಕಟ ಕೈಗಿಂತ ಮೊದಲು ಕಣ್ಣಿಗೆ ಬರುವುದು ನನಗೆ ಕಂಡಿತು.

ಮದುವೆಮನೆಯಲ್ಲಿ ಧಾರೆಯ ನೀರು ವಧೂವರರ ಕೈಮೇಲೆ ಬೀಳುವ ಚಿತ್ರ ಇರಲೇಬೇಕು, ಅದನ್ನು ಬಿಡುವಂತಿಲ್ಲ. ಆದರೆ ನೀರೆರೆದು ಮಂಟಪದಿಂದ ಇಳಿದ ತಾಯಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಯಾರನ್ನೂ ನೋಡದೆ ನಿಲ್ಲುವ ಹೊತ್ತೊಂದಿದೆ. ಎರಡನೆಯ ಕ್ಯಾಮೆರಾವನ್ನು ನಾನು ಅವರಿಗಾಗಿಯೇ ಮೀಸಲಿಡುತ್ತೇನೆ. ಹಿಂದಿನ ದಿನವೇ ಮನೆಗೆ ಹೋಗಿ, ಹಿರಿಯ ಹೆಂಗಸರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತ ಕುಳಿತಿರುವಲ್ಲಿ ಬಹಳ ಹೊತ್ತು ಸುಮ್ಮನಿರುತ್ತೇನೆ. ಕ್ಯಾಮೆರಾ ಇದೆಯೆಂಬುದು ಅವರಿಗೆ ಮರೆತುಹೋಗುವ ತನಕ ತೆಗೆದದ್ದು ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಕುಣಿತ ಮತ್ತು ಕುಟುಂಬ ಒಂದೇ ಚೌಕಟ್ಟಿನೊಳಗೆ ಸಿಗುವುದು ಮಳೆಗಾಲದಲ್ಲಿ. ಮೇ ತಿಂಗಳ ಕೊನೆಯ ಭಾಗದಲ್ಲಿ ವರ್ಷದ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆ ಬಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಬಳಿಕ ಚಿಕ್ಕಮೇಳಗಳೆಂಬ ಸಣ್ಣ ತಂಡಗಳು ಮನೆಮನೆಗೆ ಬರುತ್ತವೆ. ಸಾಮಾನ್ಯವಾಗಿ ಒಂದು ಸ್ತ್ರೀವೇಷ, ಒಂದು ಪುರುಷವೇಷ, ಜತೆಗೆ ಹಾಡು-ವಾದ್ಯಗಳ ಹಿಮ್ಮೇಳ, ಇಷ್ಟೇ. ಮನೆಯವರು ದೀಪ ಹಚ್ಚಿ ಅಕ್ಕಿ, ತೆಂಗಿನಕಾಯಿ ಇಟ್ಟು ಕಾಯುತ್ತಾರೆ. ಸುಮಾರು ಕಾಲು ಗಂಟೆಯ ಕಥಾಭಾಗ ಚಾವಡಿಯಲ್ಲೇ ನಡೆಯುತ್ತದೆ. ರಂಗಸ್ಥಳದಲ್ಲಿ ದೂರದಿಂದ ಕಾಣುವ ವೇಷ ಇಲ್ಲಿ ಕೈಗೆಟಕುವಷ್ಟು ಹತ್ತಿರವಿರುತ್ತದೆ, ಪಾದ ಬಿದ್ದಾಗ ನೆಲ ಅದುರುವುದು ಕುಳಿತವರ ಮೈಗೂ ತಿಳಿಯುತ್ತದೆ. ಇಂತಹ ಮನೆಗಳಲ್ಲಿ ನಾನು ವೇಷಗಳ ಬೆನ್ನ ಹಿಂದೆ, ಗೋಡೆಗೆ ತಾಗಿ ನಿಂತು, ನೋಡುವವರ ಮುಖಗಳನ್ನು ತೆಗೆಯುತ್ತೇನೆ. ತಾಯಿಯ ಮಡಿಲಿಗೆ ಅಡಗಿ ಒಂದೇ ಕಣ್ಣಿನಿಂದ ಇಣುಕುವ ಮಗು, ಹಿಮ್ಮೇಳಕ್ಕೆ ಸರಿಯಾಗಿ ತೊಡೆಯ ಮೇಲೆ ತಾಳ ಹಾಕುವ ಅಜ್ಜ, ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದೇ ನಿಂತುಬಿಟ್ಟ ಅತ್ತಿಗೆ: ಇವರನ್ನು ಹೀಗೆ ನಿಲ್ಲಿ ಎಂದು ಹೇಳಿ ನಿಲ್ಲಿಸಲಾಗದು. ಕಲಾವಿದರ ಒಪ್ಪಿಗೆಯನ್ನು ಮೊದಲೇ ಕೇಳಿಕೊಳ್ಳುತ್ತೇನೆ, ಫ್ಲಾಶ್ ಬಳಸುವುದಿಲ್ಲ, ಮಧ್ಯದಲ್ಲಿ ಜಾಗ ಬದಲಿಸುವುದೂ ಇಲ್ಲ.

ಮನೆಯವರಿಗೆ ಕೊಡುವಾಗ ಸಮಾರಂಭದ ಪ್ರತಿಯ ಜತೆಗೆ ಈ ಕ್ಷಣಗಳ ಪ್ರತ್ಯೇಕ ಪ್ರತಿಯೊಂದನ್ನು ಸೇರಿಸುತ್ತೇನೆ. ಅದಕ್ಕೆ ಹಿನ್ನೆಲೆ ಸಂಗೀತ ಹಾಕುವುದಿಲ್ಲ. ಪಾತ್ರೆಯ ಸದ್ದು, ಹಂಚಿನ ಮೇಲಿನ ಮಳೆ, ಅರ್ಧಕ್ಕೆ ನಿಂತ ಮಾತು ಎಲ್ಲವನ್ನೂ ಇದ್ದಂತೆಯೇ ಉಳಿಸುತ್ತೇನೆ. ಪ್ರತಿ ದೃಶ್ಯದ ಕಡತಕ್ಕೆ ಅದರಲ್ಲಿರುವವರ ಹೆಸರು, ಸಂಬಂಧ, ದಿನಾಂಕಗಳನ್ನು ಮನೆಯ ಹಿರಿಯರಿಂದಲೇ ಕೇಳಿ ಬರೆದುಕೊಳ್ಳುತ್ತೇನೆ. ಹೆಸರು ಹೇಳುತ್ತ ಹೇಳುತ್ತ ಅವರು ಮತ್ತೊಂದು ಕಥೆಗೆ ಇಳಿಯುವುದುಂಟು. ಆದ್ದರಿಂದ ಆ ಮಾತುಕತೆಯನ್ನೂ ಈಗ ಧ್ವನಿಮುದ್ರಿಸಿಕೊಳ್ಳುತ್ತಿದ್ದೇನೆ.