ಪ್ಲಗ್ ವೈರ್ ಯಾವಾಗ ಬದಲಿಸಬೇಕು: ಮಲೆನಾಡಿನ ಮಳೆಯಲ್ಲಿ ನನ್ನ ಅನುಭವ

ಸರ್ವಿಸ್‌ಗೆ ಬಿಟ್ಟಾಗ ಸ್ಪಾರ್ಕ್ ಪ್ಲಗ್ ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ಆ ಪ್ಲಗ್ಗಿಗೆ ಕರೆಂಟ್ ತಲುಪಿಸುವ ವೈರ್‌ಗಳ ವಿಷಯ ಯಾರ ಬಾಯಲ್ಲೂ ಬರುವುದಿಲ್ಲ. ಅವು ಒಂದೇ ದಿನ ಪೂರ್ತಿ ಕೈಕೊಡುವುದು ಅಪರೂಪ. ನಿಧಾನಕ್ಕೆ ಹಳತಾಗುತ್ತವೆ, ಅಷ್ಟೇ. ಎಷ್ಟು ಕಿಲೋಮೀಟರ್‌ಗೆ ಬದಲಿಸಬೇಕು ಅಂತ ಕೇಳಿದರೆ ಒಬ್ಬರು 50,000 ಅನ್ನುತ್ತಾರೆ, ಇನ್ನೊಬ್ಬರು ಒಂದು ಲಕ್ಷ ಅನ್ನುತ್ತಾರೆ. ಚಿಕ್ಕಮಗಳೂರಿನ ಮಳೆಗಾಲದಲ್ಲಿ ಓಡುವ ಗಾಡಿಗೆ ಈ ಲೆಕ್ಕ ಯಾವುದೂ ನನಗೆ ಸರಿ ಕಂಡಿಲ್ಲ. ಮಳೆ, ಏರು ಎರಡೂ ಒಟ್ಟಿಗೆ ಸಿಕ್ಕಾಗ ಗಾಡಿ ಹೇಗೆ ಓಡುತ್ತದೆ ಅಂತ ನೋಡುತ್ತೇನೆ. ಅದೇ ನನ್ನ ಲೆಕ್ಕ.

ನನ್ನದು ಕಾರ್ಬೊರೇಟರ್ ಇರುವ ಹಳೆ ಮಾರುತಿ 800. 796 ಸಿಸಿ, ಮೂರು ಸಿಲಿಂಡರ್. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ (ಕರೆಂಟನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಭಾಗ) ಒಂದು ವೈರ್, ಅಲ್ಲಿಂದ ಪ್ಲಗ್‌ಗಳಿಗೆ ಮೂರು. ಆರಿದ್ರಾ ಮಳೆ ಹಿಡಿದ ಮೇಲೆ ತೊಂದರೆ ಶುರುವಾಯಿತು. ಊರೊಳಗೆ ಓಡಾಡುವಾಗ ಏನೂ ಗೊತ್ತಾಗುತ್ತಿರಲಿಲ್ಲ. ಕೈಮರ ದಾಟಿ ಗಿರಿಯ ಏರು ಹತ್ತಿದ ಕೂಡಲೇ, ಮೂರನೇ ಗೇರಿನಲ್ಲಿ ಆಕ್ಸಿಲೇಟರ್ ಒತ್ತಿದರೆ ಮಿಸ್ಸಿಂಗ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಆಗಾಗ ಉರಿಯದೆ ಹೋಗುವುದು. ಗಾಡಿ ಕುಕ್ಕಿ ಕುಕ್ಕಿ ಹೋಗುತ್ತಿತ್ತು. ಎರಡನೇ ಗೇರಿಗೆ ಇಳಿಸಿ ಹಗುರವಾಗಿ ಒತ್ತಿದರೆ ಸರಿಯಾಗುತ್ತಿತ್ತು. ಬಿಸಿಲು ಬಿದ್ದ ದಿನ ಅದರ ಸುಳಿವೇ ಇಲ್ಲ.

"ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡೋಣ ಸಾರ್" ಅಂದ ಮೆಕ್ಯಾನಿಕ್. ನಾನು ಬೇಡ ಅಂದೆ. ಒಳಗೆ ಕಸ ಕೂತಿದ್ದರೆ ಬಿಸಿಲಿಗೂ ಮಳೆಗೂ ಒಂದೇ ಥರ ಕಾಟ ಕೊಡಬೇಕು ಅಲ್ವಾ? ಮಳೆ ನೋಡಿಕೊಂಡು ಬರುವ ಕಾಯಿಲೆ ಹೆಚ್ಚಾಗಿ ಕರೆಂಟಿನದು.

ಏರಿನಲ್ಲೇ ಯಾಕೆ ಅನ್ನುವುದಕ್ಕೂ ಕಾರಣ ಇದೆ. ಬ್ಯಾಟರಿಯ 12 ವೋಲ್ಟನ್ನು ಕಾಯಿಲ್ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಆಕ್ಸಿಲೇಟರ್ ಜೋರಾಗಿ ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ ಪೆಟ್ರೋಲು ಜಾಸ್ತಿ ತುಂಬಿ ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಇನ್ನೂ ಜಾಸ್ತಿ ವೋಲ್ಟೇಜ್ ಬೇಕು. ವೈರಿನ ರಬ್ಬರ್ ಎಲ್ಲಾದರೂ ಬಿರಿದಿದ್ದರೆ, ಅದರ ಮೇಲೆ ತೇವವೂ ಇದ್ದರೆ, ಕರೆಂಟ್ ಪ್ಲಗ್ಗಿಗೆ ಹೋಗುವ ಬದಲು ಅಲ್ಲೇ ಇಂಜಿನ್ ಬಾಡಿಗೆ ಹಾರಿ ಅರ್ತ್ ಆಗುತ್ತದೆ. ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಪೈಪಿನ ತೂತು ಪಂಪ್ ಜೋರು ಮಾಡಿದಾಗಲೇ ತಾನೇ ಚಿಮ್ಮುವುದು? ಸವೆದ ಪ್ಲಗ್ಗಿನಲ್ಲಿ ಗ್ಯಾಪ್ ಅಗಲವಾಗಿರುತ್ತದೆ, ಅದಕ್ಕೂ ವೋಲ್ಟೇಜ್ ಜಾಸ್ತಿ ಬೇಕು. ಹಾಗಾಗಿ ಪ್ಲಗ್ ಬದಲಿಸದೆ ಓಡಿಸಿದರೆ ವೈರ್‌ಗಳೂ ಬೇಗ ಹಾಳಾಗುತ್ತವೆ.

ನೋಡುವ ಸುಲಭದ ದಾರಿ ಕತ್ತಲೆ. ರಾತ್ರಿ ಶೆಡ್ಡಿನ ಲೈಟ್ ಆರಿಸಿ, ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಸ್ಟಾರ್ಟ್ ಮಾಡಿದೆ. ಬಾನೆಟ್ ಎತ್ತಿ, ಗಿಡಕ್ಕೆ ಹೊಡೆಯುವ ಸಣ್ಣ ಸ್ಪ್ರೇ ಬಾಟಲಿಯಲ್ಲಿ ಬರೀ ನೀರನ್ನು ವೈರ್‌ಗಳ ಮೇಲೆ ಮಂಜಿನ ಹಾಗೆ ಸಿಂಪಡಿಸಿದೆ. ಇಂಜಿನ್ ಸದ್ದು ತಕ್ಷಣ ಬದಲಾಯಿತು. ನಡುವಿನ ಪ್ಲಗ್ಗಿನ ಕ್ಯಾಪ್ ಹತ್ತಿರ ಟಿಕ್ ಟಿಕ್ ಅಂತ ನೀಲಿ ಕಿಡಿ. "ಅಪ್ಪಾ, ಅಲ್ಲಿ ಮಿಂಚ್ತಾ ಇದೆ" ಅಂತ ಮಗ ನನಗಿಂತ ಮೊದಲು ತೋರಿಸಿದ. ಇದನ್ನು ಮಾಡುವವರು ವೈರ್ ಮುಟ್ಟಲೇಬಾರದು. ಸಡಿಲ ಬಟ್ಟೆ, ಟವೆಲ್ ಏನಿದ್ದರೂ ಬೆಲ್ಟ್, ಫ್ಯಾನ್‌ನಿಂದ ದೂರ. ಓಡುವ ಇಂಜಿನ್ನಿನಲ್ಲಿ ಒಂದೊಂದೇ ವೈರ್ ಕಿತ್ತು ನೋಡುವ ಅಭ್ಯಾಸ ಕೆಲವರಿಗಿದೆ. ನನಗದು ಇಷ್ಟವಿಲ್ಲ. ಶಾಕ್ ಹೊಡೆಯುತ್ತದೆ, ಕಾಯಿಲ್‌ಗೂ ಒಳ್ಳೆಯದಲ್ಲ.

ಕಿಡಿ ಕಾಣದಿದ್ದರೂ ವೈರ್ ಸರಿಯಿದೆ ಅಂತ ಬಿಡುವ ಹಾಗಿಲ್ಲ. ಒಳಗಿನ ಕಾರ್ಬನ್ ಎಳೆ ತುಂಡಾಗಿರಬಹುದು. ಅದಕ್ಕೆ ಮಲ್ಟಿಮೀಟರ್ ಬೇಕು. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ವೈರ್ ಬಿಚ್ಚಿ, ಎರಡೂ ತುದಿಗೆ ಮೀಟರಿನ ಕಡ್ಡಿ ಹಿಡಿದೆ. ರೇಡಿಯೋದಲ್ಲಿ ಗೊರಗೊರ ಬರಬಾರದು ಅಂತ ಈ ವೈರ್‌ಗಳಿಗೆ ಬೇಕೆಂದೇ ರೆಸಿಸ್ಟೆನ್ಸ್ ಕೊಟ್ಟಿರುತ್ತಾರೆ. ಕಾರ್ಬನ್ ವೈರ್ ಆದರೆ ಮೀಟರ್ ಉದ್ದಕ್ಕೆ 10ರಿಂದ 20 ಕಿಲೋ ಓಮ್ ಆಸುಪಾಸು. ಉದ್ದದ ವೈರ್ ಜಾಸ್ತಿ ತೋರಿಸುತ್ತದೆ, ಅದಕ್ಕೆ ಗಾಬರಿ ಬೇಡ. ನನ್ನ ಎರಡು ವೈರ್ ಈ ಲೆಕ್ಕದೊಳಗಿದ್ದವು. ನಡುವಿನದು ಗಿಡ್ಡ ಇದ್ದರೂ 28 ಕಿಲೋ ಓಮ್ ತೋರಿಸಿತು, ಸ್ವಲ್ಪ ಬಗ್ಗಿಸಿದರೆ ಅಂಕಿ ಎಲ್ಲೆಲ್ಲಿಗೋ ಹಾರುತ್ತಿತ್ತು. ಈ ಬಗ್ಗಿಸಿ ನೋಡುವ ಕೆಲಸ ಬಿಡಬೇಡಿ. ಸುಮ್ನೆ ನೆಟ್ಟಗೆ ಹಿಡಿದು ಅಳೆದರೆ ಎಷ್ಟೋ ಸಲ ತುಂಡಾದ ವೈರೂ ಪಾಸಾಗಿಬಿಡುತ್ತದೆ.

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ರಬ್ಬರ್ ಕಲ್ಲಿನಂತೆ ಗಟ್ಟಿಯಾಗಿರುವುದು, ಒಳಗಿನ ಲೋಹಕ್ಕೆ ಹಸಿರು ಕಿಲುಬು, ಪ್ಲಗ್ಗಿನ ಬಿಳಿ ಪಿಂಗಾಣಿ ಮೇಲೆ ಪೆನ್ಸಿಲಿನಲ್ಲಿ ಎಳೆದಂಥ ಕಪ್ಪು ಗೆರೆ. ಆ ಗೆರೆ ಕಂಡರೆ ಪ್ಲಗ್ಗೂ ವೈರೂ ಜೊತೆಗೇ ಹೋಗಬೇಕು. ಒಂದನ್ನು ಉಳಿಸಿಕೊಂಡರೆ ಅದು ಇನ್ನೊಂದನ್ನೂ ಕೆಡಿಸುತ್ತದೆ. ನಮ್ಮ ತೋಟದ ಕಡೆ ಇಲಿ ಕಡಿದ ಗುರುತನ್ನೂ ಹುಡುಕಬೇಕು. ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಅಂದರೆ ಅವಕ್ಕೆ ಭಾರಿ ಪ್ರೀತಿ.

ಒಂದೇ ವೈರ್ ಕೆಟ್ಟಿದ್ದರೂ ಪೂರ್ತಿ ಸೆಟ್ ಬದಲಿಸಿದೆ. ಉಳಿದವಕ್ಕೂ ಅಷ್ಟೇ ವಯಸ್ಸು. ಎಲ್ಲವನ್ನೂ ಒಟ್ಟಿಗೆ ಕೀಳದೆ ಒಂದು ತೆಗೆದು, ಅದೇ ಜಾಗಕ್ಕೆ ಅಷ್ಟೇ ಉದ್ದದ್ದನ್ನು ಹಾಕಿ, ಆಮೇಲೆ ಮುಂದಿನದಕ್ಕೆ ಹೋದೆ. ಈ ಇಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ, 1-3-2. ಅದಲು ಬದಲಾದರೆ ಗಾಡಿ ಢಬ್ ಅಂತ ಕೆಮ್ಮುತ್ತದೆ, ಇಲ್ಲವೇ ಸ್ಟಾರ್ಟೇ ಆಗುವುದಿಲ್ಲ. ತೆಗೆಯುವಾಗ ವೈರ್ ಹಿಡಿದು ಎಳೆಯಬಾರದು. ಕ್ಯಾಪನ್ನೇ ಹಿಡಿದು ಸ್ವಲ್ಪ ತಿರುಗಿಸಿ ಎಳೆಯಬೇಕು. ಹಾಕುವಾಗ ಕ್ಯಾಪಿನ ಒಳಗೆ ಚೂರು ಸಿಲಿಕೋನ್ ಗ್ರೀಸ್ ಸವರಿದೆ, ನೀರು ನುಗ್ಗುವುದಿಲ್ಲ. ಟಕ್ ಅಂತ ಕೂತ ಸದ್ದು ಕೇಳಿಸಬೇಕು. ವೈರ್ ಎಲ್ಲೂ ಸೈಲೆನ್ಸರ್ ಕಡೆಯ ಬಿಸಿ ಪೈಪಿಗೆ ತಾಗಬಾರದು.

ಆದರೆ ಬೆಳಿಗ್ಗೆ ಮಂಜಿನಲ್ಲಿ ಸ್ಟಾರ್ಟೇ ಆಗದೆ, ಒಮ್ಮೆ ಬಿಸಿಯಾದ ಮೇಲೆ ದಿನವಿಡೀ ಚೆನ್ನಾಗಿ ಓಡುವ ಗಾಡಿಗೆ ವೈರ್ ತರುವ ಮೊದಲು ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಣ ಬಟ್ಟೆಯಲ್ಲಿ ಒರೆಸಿ ನೋಡಿ. ಈಗಿನ ಎಷ್ಟೋ ಗಾಡಿಗಳಲ್ಲಿ ಪ್ಲಗ್ಗಿನ ತಲೆಯ ಮೇಲೇ ಕಾಯಿಲ್ ಕೂತಿರುತ್ತದೆ, ವೈರೇ ಇರುವುದಿಲ್ಲ. ಇಂಜೆಕ್ಷನ್ ಗಾಡಿಯಲ್ಲಿ ಮಿಸ್ಸಿಂಗ್ ಇಟ್ಟುಕೊಂಡು ಓಡಿಸುವುದು ಇನ್ನೂ ದುಬಾರಿ. ಉರಿಯದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಡುತ್ತದೆ. ಅದರ ಬೆಲೆಯ ಮುಂದೆ ವೈರ್ ಸೆಟ್ಟಿನದು ಏನೇನೂ ಅಲ್ಲ.

ಹಳೆ ಸೆಟ್ಟಿನಲ್ಲಿ ಮೀಟರಿಗೆ ಸರಿ ಬಂದ ಉದ್ದದ ವೈರ್ ಒಂದನ್ನು ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ಇಟ್ಟಿದ್ದೇನೆ. ಉದ್ದದ್ದು ಯಾವ ಸಿಲಿಂಡರಿಗಾದರೂ ಎಟುಕುತ್ತದೆ.