ಕಿವಿ ಮೊದಲು, ಕಣ್ಣು ಆಮೇಲೆ: ಹತ್ತನೇ ತರಗತಿಯ ಇಂಗ್ಲಿಷ್ ಅಭ್ಯಾಸ

ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷ್‌ಗೆ ಲಿಖಿತ ಪರೀಕ್ಷೆ 80 ಅಂಕ, ಆಂತರಿಕ 20. ಲಿಖಿತ ಪತ್ರಿಕೆಯಲ್ಲಿ ಕೇಳುವುದಕ್ಕೆ ಅಂಕವಿಲ್ಲ ಎಂದು ಅದನ್ನು ಕೈಬಿಡುವವರು ಬಹಳ. ಕೊಪ್ಪಳ ತಾಲ್ಲೂಕಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸುತ್ತಾ ನಾನು ಕಂಡುಕೊಂಡಿದ್ದು ಬೇರೆ: ಕಿವಿ ಪಳಗಿದರೆ ಓದಿಗೆ ವೇಗ ಬರುತ್ತದೆ. ಒಂದೊಂದೇ ಪದ ಒಡೆದು ಓದುವ ಮಗು ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದನ್ನು ಮರೆತಿರುತ್ತದೆ. ಕೇಳಿ ರೂಢಿಯಾದ ಮಗು ನಾಲ್ಕೈದು ಪದ ಒಟ್ಟಿಗೆ ಹಿಡಿಯುತ್ತದೆ.

ದಿನಕ್ಕೆ 15 ನಿಮಿಷ ಸಾಕು, ಆದರೆ ಬಿಡದೆ ಮಾಡಬೇಕು. ಬೆಳಗಿನ ಮೊದಲ ಪೀರಿಯಡ್ಡೇ ಆಗಬೇಕು, ಫ್ಯಾನ್ ಆಫ್ ಮಾಡಿರಬೇಕು. ಫ್ಯಾನಿನ ಸದ್ದಿನಲ್ಲಿ ಮೊದಲು ಮುಳುಗುವುದು ಸ್, ಫ್, ಥ್. ಇಂಗ್ಲಿಷ್‌ನ ಬಹುವಚನ ನಿಂತಿರುವುದೇ ಆ ಸ್ ಮೇಲೆ. ನಮ್ಮ ಬಿಸಿಲಿಗೆ ಮಧ್ಯಾಹ್ನ ಫ್ಯಾನಿಲ್ಲದೆ ಕೂರಿಸುವುದು ಆಗದ ಮಾತು. ಮೊಬೈಲನ್ನು ಸ್ಟೀಲ್ ಲೋಟದಲ್ಲಿಟ್ಟು ಸದ್ದು ಹೆಚ್ಚಿಸುವವರಿದ್ದಾರೆ. ಸದ್ದು ಹೆಚ್ಚುತ್ತದೆ, ಅಕ್ಷರ ಕಲಸಿಹೋಗುತ್ತದೆ. ಸಣ್ಣ ಬ್ಲೂಟೂತ್ ಸ್ಪೀಕರನ್ನು ಮೇಜಿನ ಮೇಲಲ್ಲ, ಕೋಣೆಯ ನಡುವಿನ ಬೆಂಚಿನ ಮೇಲೆ ಇಡುತ್ತೇನೆ.

ಮುಖ್ಯ ಕೆಲಸ ಡಿಕ್ಟೇಷನ್, ಆದರೆ ಬಿಡಿ ಪದಗಳದ್ದಲ್ಲ. ಸುಮಾರು 60 ಪದಗಳ ಒಂದು ಪ್ಯಾರಾ. ಅದರಲ್ಲಿ ಗೊತ್ತಿಲ್ಲದ ಪದ ಮೂರಕ್ಕಿಂತ ಹೆಚ್ಚಿರಬಾರದು. ಮೊದಲ ಸಲ ಪೆನ್ನು ಕೆಳಗಿಟ್ಟು ಬರೀ ಕೇಳುವುದು. ಎರಡನೇ ಸಲ ಅರ್ಥ ಮುಗಿಯುವಲ್ಲಿ, ಐದಾರು ಪದಕ್ಕೊಮ್ಮೆ, ನಿಲ್ಲಿಸಿ ಬರೆಸುವುದು. ಪದಪದಕ್ಕೂ ನಿಲ್ಲಿಸಿದರೆ ಅಭ್ಯಾಸ ಕೆಟ್ಟಂತೆಯೇ, ಯಾಕೆಂದರೆ ಮಾತಿನಲ್ಲಿ ಪದಗಳು ಅಂಟಿಕೊಂಡೇ ಬರುತ್ತವೆ: 'ಪಿಕ್ ಇಟ್ ಅಪ್' ಕಿವಿಗೆ ಬೀಳುವುದು 'ಪಿಕಿಟಪ್' ಎಂದು. ಮೂರನೇ ಸಲ ಮಾಮೂಲಿ ವೇಗದಲ್ಲಿ ಓದಿ ತಿದ್ದಿಕೊಳ್ಳಲು ಬಿಡುತ್ತೇನೆ.

ತಿದ್ದುವಾಗ ಎರಡು ಗುರುತು. ಸ್ಪೆಲ್ಲಿಂಗ್ ತಪ್ಪಿದ್ದರೆ ಅಡಿಗೆರೆ, ಪದವೇ ಕೇಳಿಸದೆ ಬಿಟ್ಟಿದ್ದರೆ ಸುತ್ತು. ಸುತ್ತುಗಳನ್ನು ಮಾತ್ರ ವಾರಕ್ಕೊಮ್ಮೆ ಎಣಿಸಿ. ಹೆಚ್ಚಾಗಿ ಸಿಗುವುದು 'ಎ', 'ದಿ', 'ಆಫ್', 'ಟು' ಎಂಬ ಚಿಲ್ಲರೆ ಪದಗಳು, ಮತ್ತು 'ವಾಕ್ಡ್' ಕೊನೆಯ ಸದ್ದು. ಅದು 'ಡ್' ಅಲ್ಲ, 'ಟ್'. ನಾವು ಬಸ್ಸು, ಬುಕ್ಕು ಎಂದು ಕೊನೆಗೊಂದು ಸ್ವರ ಹಚ್ಚಿ ಮಾತಾಡುವವರು. ವ್ಯಂಜನಕ್ಕೇ ಮುಗಿಯುವ ಪದ ಬಂದರೆ ನಮ್ಮ ಕಿವಿ ಇನ್ನೂ ಕಾಯುತ್ತಿರುತ್ತದೆ, ಅಷ್ಟರಲ್ಲಿ ಮುಂದಿನ ಪದ ದಾಟಿ ಹೋಗಿರುತ್ತದೆ.

ಅಂಕಿಗಳಿಗೆ ರೈಲ್ವೆ ಸ್ಟೇಷನ್ನಿಗಿಂತ ಒಳ್ಳೆ ಪಾಠಶಾಲೆ ಇಲ್ಲ. ಹಂಪಿ ಎಕ್ಸ್‌ಪ್ರೆಸ್ ಬರುವ ಮುಂಚೆ 'ಟ್ರೈನ್ ನಂಬರ್ ಒನ್ ಸಿಕ್ಸ್ ಫೈವ್ ನೈನ್ ಒನ್' ಎಂದು ಬಿಡಿಬಿಡಿಯಾಗಿ ಕೂಗುತ್ತಾರೆ. ಅದೇ ಮಾತು ಕನ್ನಡದಲ್ಲೂ ಬರುವುದರಿಂದ ಮಗು ತನ್ನ ಉತ್ತರವನ್ನು ತಾನೇ ತಾಳೆ ನೋಡಬಹುದು. ಥರ್ಟೀನ್, ಥರ್ಟಿ ಗೊಂದಲಕ್ಕೆ ಮಾತ್ರ ಬೇರೆ ಅಭ್ಯಾಸ ಬೇಕು: ಮೊದಲನೆಯದರಲ್ಲಿ ಒತ್ತು ಕೊನೆಗೆ, ಎರಡನೆಯದರಲ್ಲಿ ಆರಂಭಕ್ಕೆ. ಹತ್ತು ಜೋಡಿ ಹೇಳಿ ಬರೀ ಅಂಕಿ ಬರೆಸುತ್ತೇನೆ.

ಇನ್ನು ಓದು. ಅನ್‌ಸೀನ್ ಪ್ಯಾಸೇಜ್‌ನಲ್ಲಿ, ಅಂದರೆ ಪಠ್ಯಪುಸ್ತಕದಲ್ಲಿಲ್ಲದ ಗದ್ಯಭಾಗದಲ್ಲಿ, ಕಷ್ಟ ಪದಗಳಿಗಿಂತ ವಾಕ್ಯದ ಕಟ್ಟು ಹೆಚ್ಚು ಕಾಡುತ್ತದೆ. 'ದಿ ಬಾಯ್ ಹೂ ಕೇಮ್ ಫ್ರಮ್ ಕುಷ್ಟಗಿ ವನ್ ದಿ ಪ್ರೈಜ್' ಎಂಬ ಸಾಲು ಕೊಟ್ಟು ಬಹುಮಾನ ಯಾರಿಗೆ ಎಂದು ಕೇಳಿ, 'ಕುಷ್ಟಗಿಗೆ' ಎನ್ನುವ ಮಕ್ಕಳು ಸಿಕ್ಕೇ ಸಿಗುತ್ತಾರೆ. ಕನ್ನಡದಲ್ಲಿ 'ಕುಷ್ಟಗಿಯಿಂದ ಬಂದ' ಎಂಬುದು ಹುಡುಗನಿಗಿಂತ ಮುಂಚೆ ಬರುತ್ತದೆ, ಇಂಗ್ಲಿಷ್‌ನಲ್ಲಿ ಹುಡುಗನ ನಂತರ. ಆದ್ದರಿಂದ 'ಹೂ'ನಿಂದ ಹಿಡಿದು ಎರಡನೇ ಕ್ರಿಯಾಪದದ ಹಿಂದಿನ ಪದದವರೆಗೆ ಪೆನ್ಸಿಲ್‌ನಲ್ಲಿ ಕಂಸ ಹಾಕಿಸಬೇಕು. ಕಂಸ ಬಿಟ್ಟು ಓದಿದರೆ ಉಳಿಯುವುದು 'ದಿ ಬಾಯ್ ವನ್ ದಿ ಪ್ರೈಜ್'. ಇದೊಂದು ಅಭ್ಯಾಸಕ್ಕೆ ಎರಡು ವಾರ ಕೊಟ್ಟರೂ ನಷ್ಟವಿಲ್ಲ.

'ಇಟ್', 'ದೇ' ಬಂದಲ್ಲೆಲ್ಲ ಹಿಂದಿನ ನಾಮಪದಕ್ಕೆ ಬಾಣದ ಗುರುತು. ನಮ್ಮ ತಾಲ್ಲೂಕಿನದೇ ಆದ ಕಿನ್ನಾಳದ ಮರದ ಗೊಂಬೆಯ ಬಗ್ಗೆ ನಾನೇ ಒಂದು ಪ್ಯಾಸೇಜ್ ಬರೆದು ಕೊಡುತ್ತೇನೆ: ಭಾಗಗಳನ್ನು ಪೇಸ್ಟ್‌ನಿಂದ ಅಂಟಿಸುತ್ತಾರೆ, 'ಇಟ್' ಹುಣಸೆ ಬೀಜದಿಂದ ಆದದ್ದು. 'ಇಟ್' ಎಂದರೆ ಗೊಂಬೆ ಎಂದುಕೊಂಡವರ ಉತ್ತರ ಅಲ್ಲೇ ತಪ್ಪುತ್ತದೆ. ವಿಷಯ ಊರಿನದಾದರೆ ಮಕ್ಕಳು ಧೈರ್ಯದಿಂದ ಊಹಿಸುತ್ತಾರೆ, ತಪ್ಪನ್ನೂ ತಾವೇ ಹಿಡಿಯುತ್ತಾರೆ.

ಪ್ರಶ್ನೆಪತ್ರಿಕೆ ಓದಲು ಸಿಗುವ 15 ನಿಮಿಷದಲ್ಲಿ ಪ್ಯಾಸೇಜ್‌ಗಿಂತ ಮೊದಲು ಅದರ ಪ್ರಶ್ನೆಗಳನ್ನು ಓದಬೇಕು. 'ವೈ' ಇದ್ದರೆ ಕಾರಣ ಹುಡುಕಬೇಕು. 'ಬಿಕಾಸ್' ಹಿಂದೆ ನೋಡಬಾರದು, ಮುಂದೆ ನೋಡಬೇಕು. 'ಸೋ' ಇದ್ದರೆ ತಿರುವುಮುರುವು, ಕಾರಣ ಅದರ ಹಿಂದೆ ಇರುತ್ತದೆ. ಪ್ಯಾಸೇಜ್‌ನ ಸಾಲನ್ನು ಪೂರಾ ಎತ್ತಿ ಬರೆಯುವವರಿಗೆ ನಾನು ಹಾಕುವ ಕಟ್ಟಳೆ 12 ಪದ. ಅದರೊಳಗೆ ಉತ್ತರ ಕೂರಿಸಬೇಕೆಂದರೆ ಬೇಕಾದ್ದು ಯಾವುದು, ಬೇಡದ್ದು ಯಾವುದು ಎಂದು ಮಗು ಆರಿಸಲೇಬೇಕಾಗುತ್ತದೆ.