ಮುರಕಲ್ಲಿನ ಕೆಳಗೆ ಡೀಸೆಲ್ ಹುಡುಕಿದ್ದು

ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಜಾಗ. ಹಿಂದೆ ಅಲ್ಲಿ ಲಾರಿಗಳ ವರ್ಕ್‌ಶಾಪ್ ಇತ್ತು. ನೆಲದೊಳಗೆ ಡೀಸೆಲ್ ಟ್ಯಾಂಕ್ ಹೂತಿದ್ದರು. ಈಗ ಅಲ್ಲಿ ಮನೆ ಕಟ್ಟಲು ಹೊರಟವರು ಮಣ್ಣು ನೋಡಲು ನನ್ನನ್ನು ಕರೆದರು. ಅವರಿಗೆ ಪಂಚಾಂಗದ, ಅಂದರೆ ಮನೆಯ ಅಡಿಪಾಯದ ಚಿಂತೆ. ನನಗೆ ತಗ್ಗಿನಲ್ಲಿದ್ದ ಪಕ್ಕದ ಮನೆಯ ಬಾವಿಯ ಚಿಂತೆ.

ಮೊದಲು ಆ ಬಾವಿಗೇ ಹೋದೆ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಇತ್ತು. ಮನೆಯವರು ಡೀಸೆಲ್ ಎಂದೇ ಹೆದರಿದ್ದರು. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ ಕಬ್ಬಿಣದ ಅಂಶದಿಂದಲೂ ಇಂಥ ಪೊರೆ ಕಟ್ಟುತ್ತದೆ. ಬಕೆಟಿನಲ್ಲಿ ನೀರು ತೆಗೆದು ಕಡ್ಡಿಯಿಂದ ಮುಟ್ಟಿದೆ. ಗಾಜಿನ ಚೂರಿನ ಹಾಗೆ ಒಡೆದು ಹಾಗೇ ನಿಂತಿತು. ಎಣ್ಣೆಯಾಗಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಆದರೂ ಸುಮ್ನೆ ಬಿಡುವ ಹಾಗಿಲ್ಲ, ನೀರಲ್ಲಿ ಕರಗಿದ್ದು ಕಣ್ಣಿಗೆ ಕಾಣುವುದಿಲ್ಲ ಅಲ್ವಾ? ಡೀಸೆಲಿನಿಂದ ನೀರಿಗೆ ಕರಗುವ ವಿಷಗಳಲ್ಲಿ ಬೆಂಜೀನ್ ಒಂದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 40 ಮಿಲಿಲೀಟರಿನ ಗಾಜಿನ ಸೀಸೆಗಳಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿ, ಐಸಿನಲ್ಲಿಟ್ಟು ಲ್ಯಾಬಿಗೆ ಕಳಿಸಿದೆ.

ಬೋರಿನವರು ಎಂದಿನಂತೆ ನೀರು ಬಿಟ್ಟು ಕೊರೆಯೋಣ ಎಂದರು. ನಾನು ಒಪ್ಪಲಿಲ್ಲ. ನೀರು ಬಿಟ್ಟರೆ ಮಣ್ಣಿನ ವಾಸನೆಯೂ ತೊಳೆದುಹೋಗುತ್ತದೆ, ಡೀಸೆಲ್ ಕೂಡ ಇನ್ನೂ ಕೆಳಗೆ ಇಳಿಯುತ್ತದೆ. ಟ್ಯಾಂಕಿನ ಪಕ್ಕ ಒಂದು, ತಗ್ಗಿನ ಕಡೆಗೆ ಎರಡು, ಮೇಲಿನ ಕಡೆ ಒಂದು, ಹೀಗೆ ನಾಲ್ಕು ಕಡೆ ನೀರು ಬಿಡದೆಯೇ ಕೊರೆಸಿದೆ. ಜಾಸ್ತಿ ದಿನ ಹಿಡಿಯಿತು. ಹಳೇ ಟ್ಯಾಂಕಿನ ಗುಂಡಿಗೆ ಮಾತ್ರ ಯಾರನ್ನೂ ಇಳಿಯಲು ಬಿಡಲಿಲ್ಲ. ಎಣ್ಣೆಯ ಆವಿ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ.

ಟ್ಯಾಂಕಿನ ಪಕ್ಕದ ಬೋರಿನಲ್ಲಿ ಮೊದಲ 3 ಮೀಟರ್ ಮುರಕಲ್ಲು. ವಾಸನೆಯೇ ಇಲ್ಲ. ಮನೆ ಕಟ್ಟುವವರ ಮುಖ ಅರಳಿತು. ನಾನು ಇನ್ನೂ ಕೆಳಗೆ ಹೋಗಬೇಕೆಂದೆ. ಮುರಕಲ್ಲಿನ ತುಂಬ ತೂತು, ಕೊಳವೆಯಂಥ ದಾರಿ. ಸುರಿದದ್ದು ಅದರಲ್ಲಿ ನಿಲ್ಲುವುದಿಲ್ಲ. ಅದರ ಕೆಳಗೆ ಶೇಡಿ ಮಣ್ಣಿದೆ, ನೀರನ್ನು ಬೇಗ ಕೆಳಗೆ ಇಳಿಯಲು ಬಿಡದ ಜೇಡಿಯಂಥ ಮಣ್ಣು. ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಸುರಂಗ ತೋಡುವವರಿಗೆ ಇದು ಚೆನ್ನಾಗಿ ಗೊತ್ತು. ಕಲ್ಲು ಮುಗಿದು ಶೇಡಿ ಸಿಗುವಲ್ಲಿ ಒರತೆ ಹುಡುಕುತ್ತಾರೆ. ನೀರು ನಿಲ್ಲುವಲ್ಲಿ ಡೀಸೆಲ್ಲೂ ನಿಲ್ಲಬೇಕು. ಅದು ನೀರಿಗಿಂತ ಹಗುರ, ಮೇಲೆ ತೇಲುತ್ತದೆ.

5 ಮೀಟರಿನ ಹತ್ತಿರ ಕೆಂಪು ಮಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು. ಡೀಸೆಲ್ ತಿನ್ನುವ ಸೂಕ್ಷ್ಮಜೀವಿಗಳು ಆಮ್ಲಜನಕ ಮುಗಿಸಿದ ಮೇಲೆ ಮಣ್ಣಿನ ಕಬ್ಬಿಣದ ಬಣ್ಣ ಹೀಗೆ ಹೋಗುತ್ತದೆ. ಆ ಮಣ್ಣನ್ನು ಸೀಸೆಗೆ ಅರ್ಧ ತುಂಬಿ, ಬಾಯಿಗೆ ಅಲ್ಯೂಮಿನಿಯಂ ಹಾಳೆ ಕಟ್ಟಿ, ಹತ್ತು ನಿಮಿಷ ಬಿಟ್ಟು ಆವಿ ಅಳೆಯುವ ಮೀಟರ್ ಚುಚ್ಚಿದೆ. ಮುಳ್ಳು ಜಿಗಿಯಿತು. ಆ ಪಟ್ಟಿ ಸುಮಾರು ಒಂದೂವರೆ ಮೀಟರ್ ದಪ್ಪ. ಬೇಸಿಗೆಯಲ್ಲಿ ನೀರು ಇಳಿದಾಗ ಡೀಸೆಲ್ ಜೊತೆಗೇ ಇಳಿಯುತ್ತದೆ, ಮಳೆಗಾಲದಲ್ಲಿ ಏರುತ್ತದೆ. ವರ್ಷ ವರ್ಷ ಹಾಗೆ ಹತ್ತಿ ಇಳಿದು ಮಣ್ಣಿಗೆ ಬಳಿದುಕೊಂಡಿತ್ತು.

ತಗ್ಗಿನ ಮೊದಲ ಬೋರಿನಲ್ಲೂ ಅದೇ ಬೂದಿ ಪಟ್ಟಿ, ತೆಳ್ಳಗೆ. ಬಾವಿಯ ಕಡೆಯ ಎರಡನೆಯದರಲ್ಲಿ ಇರಲಿಲ್ಲ. ಬಾವಿಯ ನೀರಲ್ಲಿ ಬೆಂಜೀನ್ ಸಿಗಲಿಲ್ಲವೆಂದು ಲ್ಯಾಬಿನಿಂದ ಬಂತು. ಆದರೆ ನಾನು ಕೊರೆದದ್ದು ಏಪ್ರಿಲಿನಲ್ಲಿ, ನೀರು ತೀರ ಕೆಳಗಿದ್ದಾಗ. ಹಾಗಾಗಿ ಆ ಎರಡು ಬೋರುಗಳಿಗೆ ಪೈಪ್ ಇಳಿಸಿ ಮುಚ್ಚಳ ಹಾಕಿ ಬಂದಿದ್ದೇನೆ. ಆಟಿಯಲ್ಲಿ, ಅಂದರೆ ಮಳೆಗಾಲದ ನಡುವೆ, ನೀರು ಮೇಲೆ ಬಂದಾಗ ಮತ್ತೆ ಅಳೆಯಬೇಕು. ಅಲ್ಲಿಯವರೆಗೆ ಪಂಚಾಂಗ ತೋಡಬೇಡಿ ಎಂದಿದ್ದೇನೆ, ಅವರೂ ಒಪ್ಪಿದ್ದಾರೆ.